ಸೇವೆ ಮಾಡಲು ಹೋಗಿ ಸೇವೆ ಮಾಡಿಸಿಕೊಂಡು ಬಂದೆವು, ಸಭೆಯ ಮುಂದೆ ಏನು ಹೇಳಲಿ?

ಪ್ರಶ್ನೆ: ಅಕ್ಕನವರೇ, ನಾನು ಬಾಗಲಕೋಟೆ ಜಿಲ್ಲೆಯವಳು. ಬೆಳಗಾವಿಯಲ್ಲಿ ನರ್ಸಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ದಸರಾ ರಜೆಯಲ್ಲಿ ನಮ್ಮ ಚರ್ಚಿನ ಸಭೆಯ ಯೌವನಸ್ಥರ ಸಂಘದಿಂದ ಹನ್ನೊಂದು ಜನ ನೇಪಾಳದ ಒಂದು ಗುಡ್ಡಗಾಡು ಊರಿಗೆ ಮಿಷನ್ ಪ್ರವಾಸ ಹೋಗಿದ್ದೆವು. ಅಲ್ಲಿನ ಚರ್ಚಿನ ಗೋಡೆಗೆ ಬಣ್ಣ ಬಳಿದೆವು, ಮಕ್ಕಳಿಗೆ ಹಾಡು ಮತ್ತು ಕಿರುನಾಟಕ ಕಲಿಸಿದೆವು, ಎರಡು ದಿನ ಆರೋಗ್ಯ ತಪಾಸಣೆ ಮಾಡಿದೆವು. ಮೂರನೆಯ ದಿನವೇ ನನಗೆ ಹೊಟ್ಟೆ ಕೆಟ್ಟು ಮಲಗಿಬಿಟ್ಟೆ. ನಾವು ಇಳಿದುಕೊಂಡಿದ್ದ ಮನೆಯ ದೀದಿ ನಸುಕಿನಲ್ಲೇ ಎದ್ದು ನೀರು ಹೊತ್ತು ತಂದು ನಮ್ಮೆಲ್ಲರಿಗೂ ಬೇಯಿಸಿ ಹಾಕಿದರು, ನನ್ನ ಆರೈಕೆಯನ್ನೂ ಮಾಡಿದರು. ನಾವು ಮರಳಿದ ಮೇಲೆ ಗೆಳೆಯನೊಬ್ಬ ಅಲ್ಲಿನ ಮಕ್ಕಳ ಫೋಟೊ ಹಾಕಿ ‘ಇಷ್ಟು ಆತ್ಮಗಳು ದೊರೆತವು’, ಅಂದರೆ ಇಷ್ಟು ಜನ ಯೇಸುವನ್ನು ನಂಬಿದರು ಎಂದು ಫೇಸ್‌ಬುಕ್ಕಿನಲ್ಲಿ ಬರೆದ. ಅಲ್ಲಿನ ಪಾಸ್ಟರ್ ಗಾಬರಿಯಿಂದ ಕರೆ ಮಾಡಿ ಅದನ್ನು ತೆಗೆಸಿದರು. ಈಗ ನಮ್ಮ ಸಭೆಯ ಪಾದ್ರಿ ಅಯ್ಯನವರು ಸುಗ್ಗಿ ಹಬ್ಬದ ಆರಾಧನೆಯಲ್ಲಿ ನನಗೆ ಸಾಕ್ಷಿ, ಅಂದರೆ ಪ್ರವಾಸದ ಅನುಭವ, ಹೇಳಲು ತಿಳಿಸಿದ್ದಾರೆ. ತರಕಾರಿ ಮಾರುವ ಒಬ್ಬ ಅಜ್ಜಿಯೂ ನಮ್ಮ ಪ್ರಯಾಣಕ್ಕೆ ಹಣ ಕೊಟ್ಟಿದ್ದಾರೆ. ನಾವು ಮಾಡಿದ್ದು ಬರೀ ಪ್ರವಾಸವೇ? ಅಷ್ಟು ಹಣವನ್ನು ನೇರವಾಗಿ ಅವರಿಗೇ ಕಳಿಸಿದ್ದರೆ ಆಗುತ್ತಿರಲಿಲ್ಲವೇ? ಮತ್ತೊಮ್ಮೆ ಹೋಗಬೇಕೆಂಬ ಆಸೆ ತಪ್ಪೇ?

ಉತ್ತರ: ತಂಗಿ, ನೀವು ಕೇಳದೇ ಬಿಟ್ಟ ಸಂಗತಿಯೊಂದರಿಂದಲೇ ಶುರು ಮಾಡುತ್ತೇನೆ. ಉಳಿದವು ಸುಗ್ಗಿ ಹಬ್ಬದವರೆಗೆ ಕಾಯಬಹುದು, ಇದು ಕಾಯುವುದಿಲ್ಲ. ಆ ಫೋಟೊ ಫೇಸ್‌ಬುಕ್ಕಿನಿಂದ ಹೋಯಿತು, ಸರಿ. ಯೌವನಸ್ಥರ ಸಂಘದ ವಾಟ್ಸಾಪ್ ಗುಂಪಿನಿಂದ? ಹನ್ನೊಂದು ಜನರ ಸ್ಟೇಟಸ್‌ನಿಂದ? ಸಂಘದ ಕಾರ್ಯದರ್ಶಿ ತಯಾರಿಸುತ್ತಿರುವ ವರದಿಯಿಂದ? ಈ ವಾರವೇ ಎಲ್ಲರೂ ಒಟ್ಟಿಗೆ ಕುಳಿತು ಒಂದೊಂದಾಗಿ ತೆಗೆಯಿರಿ. ಊರಿನ ಹೆಸರು, ಪಾಸ್ಟರ್ ಹೆಸರು, ಚರ್ಚಿನ ಬೋರ್ಡು ಕಾಣುವ ಚಿತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ನೇಪಾಳ ನಮಗೆ ಬಹಳ ಹತ್ತಿರದ ದೇಶ. ವೀಸಾ ಬೇಡ, ಮತದಾರರ ಗುರುತಿನ ಚೀಟಿ ತೋರಿಸಿ ಗಡಿ ದಾಟಬಹುದು, ಗೋರಖ್‌ಪುರದಲ್ಲಿ ರೈಲು ಇಳಿದು ಬಸ್ಸು ಹತ್ತಿದರೆ ಕೆಲವೇ ಗಂಟೆಗಳಲ್ಲಿ ಗಡಿ ಊರಾದ ಸುನೌಲಿಯ ಆಚೆ ನಿಂತಿರುತ್ತೀರಿ. ಇಷ್ಟು ಸಲೀಸಾಗಿರುವುದರಿಂದಲೇ ಅದು ಬೇರೆ ದೇಶ, ಅಲ್ಲಿನ ಕಾನೂನು ಬೇರೆ ಎಂಬುದು ನಮ್ಮ ಹುಡುಗರ ತಲೆಗೆ ಹೋಗುವುದಿಲ್ಲ. 2015ರ ನೇಪಾಳ ಸಂವಿಧಾನದ 26ನೆಯ ವಿಧಿ ತನ್ನ ಧರ್ಮವನ್ನು ಆಚರಿಸುವ ಹಕ್ಕನ್ನು ಕೊಡುತ್ತದೆ, ಮತ್ತೊಬ್ಬರನ್ನು ಮತಾಂತರಿಸುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ದಂಡಸಂಹಿತೆಯ 158ನೆಯ ಕಲಮಿನ ಪ್ರಕಾರ ಈ ಅಪರಾಧಕ್ಕೆ ಐದು ವರ್ಷದವರೆಗೆ ಸೆರೆವಾಸ, 50,000 ನೇಪಾಳಿ ರೂಪಾಯಿವರೆಗೆ ದಂಡ. ವಿದೇಶಿಯಾದರೆ ಶಿಕ್ಷೆ ಮುಗಿದ ಏಳು ದಿನದೊಳಗೆ ಗಡಿಪಾರು. ನಿಮ್ಮ ಗೆಳೆಯ ಉತ್ಸಾಹದಲ್ಲಿ ಬರೆದ ಒಂದು ಸಾಲು ಪೊಲೀಸರ ಕಣ್ಣಿಗೆ ಬಿದ್ದರೆ ಅವನಿಗೇನೂ ಆಗದು, ಅವನು ಬಾಗಲಕೋಟೆಯಲ್ಲಿದ್ದಾನೆ. ಠಾಣೆಯ ಮೆಟ್ಟಿಲು ಹತ್ತಬೇಕಾದವರು ನಿಮಗೆ ಅನ್ನ ಹಾಕಿದವರು. ಇದನ್ನು ನಿಮಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. 2021ರ ಡಿಸೆಂಬರ್‌ನಲ್ಲಿ ಮತಾಂತರ ನಿಷೇಧದ ವಿಧೇಯಕ ವಿಧಾನಸಭೆಯ ಮುಂದೆ ಬಂದದ್ದು ಇದೇ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ. ಆ ದಿನಗಳಲ್ಲಿ ಮನೆ ಪ್ರಾರ್ಥನೆಗೆ ಹೋಗುವಾಗ ಬೈಬಲ್ಲನ್ನು ಕೈಚೀಲದೊಳಗೆ ಇಟ್ಟುಕೊಂಡವರನ್ನು ನೀವೂ ನೋಡಿರುತ್ತೀರಿ.

ಇನ್ನು ಸಾಕ್ಷಿಯ ವಿಷಯ. ಸಂಖ್ಯೆ ಹೇಳಬೇಡಿ. ‘ಯೇಸುವನ್ನು ಪ್ರೀತಿಸುವವರು ಕೈ ಎತ್ತಿ’ ಎಂದು ದೂರದಿಂದ ಬಂದ ಅಕ್ಕ ಅಣ್ಣಂದಿರು ಕೇಳಿದರೆ ಯಾವ ಊರಿನ ಮಕ್ಕಳಾದರೂ ಕೈ ಎತ್ತುತ್ತಾರೆ, ಅದರಲ್ಲೂ ಬಿಸ್ಕತ್ತಿನ ಡಬ್ಬಿ ಪಕ್ಕದಲ್ಲೇ ಇರುವಾಗ. ಇಂಥ ತಂಡಗಳ ಜೊತೆ ನಾನು ಕಂಡಿರುವ ದೃಶ್ಯವೊಂದನ್ನು ಹೇಳುತ್ತೇನೆ, ನಿಮ್ಮಲ್ಲೂ ಹೀಗೇ ನಡೆದಿರಬಹುದು. ತಂಡದ ನಾಯಕ ಕನ್ನಡದಲ್ಲಿ ಮಾತಾಡುತ್ತಾನೆ. ಹಿಂದಿ ಬಲ್ಲ ಹುಡುಗಿಯೊಬ್ಬಳು ಅದನ್ನು ಹಿಂದಿಗೆ ತರುತ್ತಾಳೆ. ಊರಿನ ಪಾಸ್ಟರ್ ಹಿಂದಿಯಿಂದ ನೇಪಾಳಿಗೆ ತಿರುಗಿಸುತ್ತಾರೆ. ನಾಯಕ ಎರಡು ನಿಮಿಷ ಆವೇಶದಿಂದ ಹೇಳಿದ್ದನ್ನು ಪಾಸ್ಟರ್ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ, ನಾಯಕ ಒಂದೇ ವಾಕ್ಯ ಹೇಳಿದಾಗ ಐದು ನಿಮಿಷ ವಿವರಿಸುತ್ತಾರೆ. ಮಕ್ಕಳು ಪಾಳಿಯಂತೆ ಮೂರೂ ಬಾಯಿಗಳನ್ನು ನೋಡುತ್ತಾರೆ, ಕೊನೆಗೆ ಪಾಸ್ಟರ್ ಮುಖ ನೋಡಿ ಕೈ ಎತ್ತುತ್ತಾರೆ. ಅಲ್ಲಿ ಏನು ಬಿತ್ತಲಾಯಿತು, ಯಾರು ಬಿತ್ತಿದರು ಎಂಬುದನ್ನು ಹನ್ನೊಂದು ಜನ ಲೆಕ್ಕ ಹಾಕಿ ತರಲಾಗದು.

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯವನ್ನು ಸುಗ್ಗಿ ಹಬ್ಬಕ್ಕೆ ಮುಂಚೆ ಒಮ್ಮೆ ಪೂರ್ತಿ ಓದಿ. ನಮ್ಮ ಪ್ರಸಂಗಿಗಳು ‘ಬೆಳೆ ಬಹಳ, ಕೆಲಸಗಾರರು ಕೊಂಚ’ ಎನ್ನುವಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಮುಂದಿರುವುದೇ ನಿಮ್ಮ ಕಥೆ. ಯೇಸು ಇಬ್ಬಿಬ್ಬರಾಗಿ ಕಳುಹಿಸಿದ ಶಿಷ್ಯರಿಗೆ ಹಣದ ಚೀಲ ಬೇಡ, ಜೋಳಿಗೆ ಬೇಡ, ಹೋದ ಮನೆಯಲ್ಲಿ ಕೊಟ್ಟದ್ದನ್ನು ಉಂಡುಕೊಂಡಿರಿ, ಮನೆಯಿಂದ ಮನೆಗೆ ಹೋಗಬೇಡಿ ಎಂಬ ಅಪ್ಪಣೆಯಾಗುತ್ತದೆ. ಅಂದರೆ ಕಳುಹಿಸಿದವನೇ ಅವರನ್ನು ಪರರ ಹಂಗಿಗೆ ಒಪ್ಪಿಸಿ ಕಳುಹಿಸಿದ. ಅವರು ಮರಳಿ ಬಂದು ದೆವ್ವಗಳೂ ನಮಗೆ ಅಧೀನವಾದವು ಎಂದು ಹಿಗ್ಗಿನಿಂದ ವರದಿ ಒಪ್ಪಿಸಿದಾಗ, ಅದಕ್ಕಾಗಿ ಸಂತೋಷಪಡಬೇಡಿ ಎಂದು ಅಲ್ಲೇ ತಡೆದ. ನೀವು ಹೊಟ್ಟೆ ಹಿಡಿದುಕೊಂಡು ದೀದಿಯ ಮನೆಯ ಚಾಪೆಯ ಮೇಲೆ ಮಲಗಿದ್ದನ್ನು ನಾಚಿಕೆಯ ವಿಷಯವೆಂದು ಬರೆದಿದ್ದೀರಿ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಆ ಅಧ್ಯಾಯಕ್ಕೆ ತೀರ ಹತ್ತಿರವಾದ ದಿನ ಅದೇ.

ಹಾಗಾಗಿ ಸಾಕ್ಷಿಯಲ್ಲಿ ದೀದಿಯ ಬಗ್ಗೆ ಹೇಳಿ, ಹೆಸರು ಬೇಡ. ಅವರು ಎಷ್ಟು ದೂರದಿಂದ ನೀರು ತಂದರು, ಏನು ಬೇಯಿಸಿದರು, ನಿಮ್ಮ ಪಕ್ಕ ಕುಳಿತು ಯಾವ ಹಾಡು ಹಾಡಿದರು ಎಂಬುದನ್ನು ಹೇಳಿ. ಐದು ನಿಮಿಷ ಸಾಕು. ಅಯ್ಯನವರು ‘ಫಲ’ ಕೇಳಿದರೆ ‘ಫಲವನ್ನು ಅಲ್ಲಿನ ಸಭೆಯವರು ಹೇಳಬೇಕು, ಅವರನ್ನು ಕೇಳಿ ಬರೆಸಿಕೊಂಡು ಬರುತ್ತೇವೆ’ ಎನ್ನಿ. ಮತ್ತು ನಿಜವಾಗಿಯೂ ಕೇಳಿ ಬರೆಸಿಕೊಳ್ಳಿ. ನಮ್ಮ ತಂಡ ಬಂದದ್ದರಿಂದ ನಿಮಗೆ ಏನು ಕಷ್ಟವಾಯಿತು ಎಂಬ ಪ್ರಶ್ನೆಯನ್ನೇ ಮೊದಲು ಕೇಳಿ. ಮೊದಲ ಸಲ ಕೇಳಿದಾಗ ‘ಏನೂ ಇಲ್ಲ, ಬಹಳ ಸಂತೋಷವಾಯಿತು’ ಎನ್ನುತ್ತಾರೆ. ನಮ್ಮವರೂ ಅಷ್ಟೇ ಅಲ್ಲವೇ?

ನಮ್ಮ ಕಡೆಯೂ ಇಂಥ ತಂಡಗಳು ಬಂದಿವೆ. ಬಾದಾಮಿ ಗುಳೇದಗುಡ್ಡದ ಸುತ್ತಲಿನ ಊರುಗಳಲ್ಲಿ ವಿದೇಶದ ಯುವಕ ಯುವತಿಯರು ಬಂದಾಗ ಮಾಲೆ ಹಿಡಿದು ಸಾಲಾಗಿ ನಿಂತ ಮಕ್ಕಳಲ್ಲಿ ನೀವೂ ಒಬ್ಬರಾಗಿದ್ದಿರಬಹುದು. ಅಂಥ ಒಂದು ಊರಿನ ಹೆಂಗಸರನ್ನು, ತಂಡ ಬಂದು ಹೋಗಿ ವರ್ಷಗಳು ಕಳೆದ ಮೇಲೆ, ನಿಮಗೆ ಯಾರು ನೆನಪಿದ್ದಾರೆ ಎಂದು ಕೇಳಿದ್ದೆ. ಶಾಲೆಯ ಕಾಂಪೌಂಡಿಗೆ ಬಣ್ಣ ಹಚ್ಚಿದ್ದು ಯಾರ ನೆನಪಿನಲ್ಲೂ ಇರಲಿಲ್ಲ, ಬಣ್ಣವೇ ಉಳಿದಿರಲಿಲ್ಲ. ಒಲೆಯ ಮುಂದೆ ಬಂದು ಕುಳಿತು ರೊಟ್ಟಿ ಬಡಿಯಲು ಹೋಗಿ, ಹಿಟ್ಟು ಹರಿದು ಚೂರಾದಾಗ ಆ ಚೂರುಗಳನ್ನೇ ಬೇಯಿಸಿಕೊಂಡು ಗುರೆಳ್ಳು ಚಟ್ನಿ ಹಚ್ಚಿ ತಿಂದು ಕಣ್ಣೀರು ಸುರಿಸಿದ ಒಬ್ಬ ಹುಡುಗಿ ಎಲ್ಲರಿಗೂ ನೆನಪಿದ್ದಳು. ಅಂಗಿಯಿಲ್ಲದ ಮಗುವನ್ನು ಹುಡುಕಿ ಹುಡುಕಿ ಫೋಟೊ ತೆಗೆದ ಒಬ್ಬ ಹುಡುಗನೂ ನೆನಪಿದ್ದ. ಆ ಮಗುವಿನ ತಾಯಿ ಇನ್ನೂ ಸಿಟ್ಟಿನಲ್ಲಿದ್ದಳು. ‘ಸ್ನಾನ ಮಾಡಿಸಲು ಅಂಗಿ ಬಿಚ್ಚಿದ್ದೆ, ಮನೆಯಲ್ಲಿ ಅಂಗಿ ಇಲ್ಲದೆ ಅಲ್ಲ’ ಎಂದಳು. ಈ ಮಾತನ್ನು ನಿಮ್ಮ ಗೆಳೆಯನಿಗೆ ತಲುಪಿಸಿ.

ಈಗ ಹಣ. ಗೋಡೆಯೊಂದೇ ಗುರಿಯಾಗಿದ್ದರೆ ನಿಮ್ಮ ಅನುಮಾನ ನೂರಕ್ಕೆ ನೂರು ಸರಿ. ಹನ್ನೊಂದು ಜನರ ರೈಲು, ಬಸ್ಸು, ಊಟದ ಖರ್ಚಿನಲ್ಲಿ ಆ ಊರಿನ ಪೇಂಟರ್‌ಗೆ ಕೂಲಿ ಕೊಟ್ಟು ಮೂರು ಚರ್ಚುಗಳ ಗೋಡೆಗೆ ಬಣ್ಣ ಹಚ್ಚಿಸಬಹುದಿತ್ತು. ಅವನು ನಿಮಗಿಂತ ಚೆನ್ನಾಗಿಯೂ ಹಚ್ಚುತ್ತಿದ್ದ. ಆದರೆ ತರಕಾರಿ ಅಜ್ಜಿ ಮುಖ ನೋಡದ ಪಾಸ್ಟರ್‌ಗೆ ಹಣ ಕೊಡುತ್ತಿದ್ದರೇ? ಅವರು ಕೊಟ್ಟದ್ದು ನಿಮ್ಮನ್ನು ನೋಡಿ, ನಿಮಗಾಗಿ. ಆದ್ದರಿಂದ ಪುಲ್ಪಿಟ್ ಹತ್ತುವುದಕ್ಕೆ ಮುಂಚೆ ಅವರ ಮನೆಗೆ ಹೋಗಿ, ಕುಳಿತು, ಎಲ್ಲವನ್ನೂ ಹೇಳಿ, ಹೊಟ್ಟೆ ಕೆಟ್ಟದ್ದನ್ನೂ ಸೇರಿಸಿ. ದೀದಿಯ ಮನೆಯಲ್ಲಿ ಹನ್ನೊಂದು ಹೊಟ್ಟೆಗಳಿಗೆ ಹೋದ ಅಕ್ಕಿ ಬೇಳೆಯ ಹಣ ಸಂದಾಯವಾಗಿದೆಯೇ ಎಂದು ಖಜಾಂಚಿಯನ್ನು ವಿಚಾರಿಸಿ. ಬಹಳ ತಂಡಗಳು ಇದನ್ನು ಮರೆಯುತ್ತವೆ, ಅತಿಥಿ ಸತ್ಕಾರವೆಂದು ಭಾವಿಸಿ ಕೈತೊಳೆದುಕೊಳ್ಳುತ್ತವೆ. ಕೊಡುವುದಿದ್ದರೆ ಅಲ್ಲಿನ ಸಭೆಯ ಹಿರಿಯರಿಗೆ ತಿಳಿಯುವಂತೆ ಕೊಡಿ. ಗುಟ್ಟಾಗಿ ಒಬ್ಬರ ಕೈಗೆ ಇಟ್ಟ ನೋಟು ಊರಿನಲ್ಲಿ ಜಗಳ ಹಚ್ಚುತ್ತದೆ. ಸಭೆಯ ಟ್ರಸ್ಟಿನ ಖಾತೆಯಿಂದ ಕಳಿಸುವುದಾದರೆ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ, ಧರ್ಮಾರ್ಥ ಟ್ರಸ್ಟಿನ ಹಣ ದೇಶದ ಹೊರಗೆ ಖರ್ಚಾದರೆ ತೆರಿಗೆ ವಿನಾಯಿತಿಗೆ ತೊಡಕಾಗುತ್ತದೆ.

ಮಕ್ಕಳ ವಿಷಯಕ್ಕೆ ಬಂದಿರುವುದರಿಂದ ಒಂದು ಎಚ್ಚರಿಕೆ. ಮುಂದಿನ ಸಲ ಯಾರಾದರೂ ಅಲ್ಲಿನ ಅನಾಥಾಲಯಕ್ಕೆ ಕರೆದೊಯ್ಯುತ್ತೇವೆ ಎಂದರೆ ಬೇಡ ಎನ್ನಿ. ನೇಪಾಳದ ಇಂಥ ಮನೆಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ. ಓದಿಸುತ್ತೇವೆ ಎಂದು ನಂಬಿಸಿ ಹಳ್ಳಿಗಳಿಂದ ತಂದು, ಕಠ್ಮಂಡು, ಪೊಖರಾದಂಥ ಪ್ರವಾಸಿಗರು ಬರುವ ಕಡೆ ಇಟ್ಟು, ದಾನಿಗಳಿಗೆ ತೋರಿಸುವ ದಂಧೆ ಅಲ್ಲಿ ಹಲವು ಸಲ ಬಯಲಾಗಿದೆ. ಎರಡು ವಾರ ಮುದ್ದು ಮಾಡಿ ಹೊರಟುಹೋಗುವ ಅಕ್ಕಂದಿರನ್ನು ವರ್ಷಕ್ಕೆ ನಾಲ್ಕಾರು ಸಲ ಕಾಣುವ ಮಗುವಿನ ಗತಿಯನ್ನೂ ಯೋಚಿಸಿ.

ನೀವು ನರ್ಸಿಂಗ್ ಓದುತ್ತಿರುವವರು, ಆದ್ದರಿಂದ ತಪಾಸಣಾ ಶಿಬಿರದ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ರಕ್ತದೊತ್ತಡ ನೋಡಿ ಬರೆದುಕೊಟ್ಟಿರಿ, ಒಳ್ಳೆಯದು. ತಂಡದ ಜೊತೆ ತಂದಿದ್ದ ಮಾತ್ರೆಗಳನ್ನು ಯಾರಿಗಾದರೂ ಕೊಟ್ಟಿರಾ? ಹದಿನೈದು ದಿನದ ಬಿ.ಪಿ. ಮಾತ್ರೆ ನುಂಗಿದ ಅಜ್ಜನಿಗೆ ಹದಿನಾರನೆಯ ದಿನ ಯಾರು ಕೊಡುತ್ತಾರೆ? ಆ ಊರು ನೀವು ಅಂದುಕೊಂಡಷ್ಟು ದಿಕ್ಕಿಲ್ಲದ ಊರಲ್ಲ. ನೇಪಾಳದಲ್ಲಿ 1988ರಿಂದ ಮಹಿಳಾ ಸಮುದಾಯ ಆರೋಗ್ಯ ಸ್ವಯಂಸೇವಕಿಯರ ಪಡೆಯೇ ಇದೆ, ದೇಶದಾದ್ಯಂತ ಸುಮಾರು 50,000 ಹೆಂಗಸರು. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಬಂದದ್ದು 2005ರಲ್ಲಿ. ವರ್ಷಕ್ಕೆ ಎರಡು ಸಲ ಊರೂರಿನ ಮಕ್ಕಳಿಗೆ ವಿಟಮಿನ್ ‘ಎ’ ಹಾಕುವವರು ನೇಪಾಳದ ಈ ಸ್ವಯಂಸೇವಕಿಯರೇ, ಬಸುರಿಯರ ಮನೆ ಬಾಗಿಲಿಗೆ ಹೋಗುವವರೂ ಅವರೇ. ನೀವು ಇಳಿದುಕೊಂಡ ಊರಿನಲ್ಲಿಯೂ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಕೇಳದೆ, ಆರೋಗ್ಯ ಚೌಕಿಗೆ ತಿಳಿಸದೆ ಶಿಬಿರ ಇಟ್ಟರೆ ಅವರ ಕೆಲಸದ ಮೇಲೆ ಜನರಿಗಿರುವ ನಂಬಿಕೆಗೆ ಪೆಟ್ಟು. ಅವರ ಹಿಂದೆ ಎರಡು ದಿನ ಸುತ್ತಿದ್ದರೆ ಕಾಲೇಜಿನ ಸಮುದಾಯ ಆರೋಗ್ಯದ ಪಾಠ ನಿಮಗೆ ಬೇರೆಯೇ ರೀತಿ ಅರ್ಥವಾಗುತ್ತಿತ್ತು.

ದಸರಾ ರಜೆಯಲ್ಲಿ ಹೋದದ್ದೂ ಸರಿಯಾದ ಲೆಕ್ಕವಲ್ಲ. ನಮ್ಮ ದಸರಾ ಅಲ್ಲಿ ದಶೈಂ, ನೇಪಾಳದ ಎಲ್ಲಕ್ಕಿಂತ ದೊಡ್ಡ ಹಬ್ಬ. ಶಾಲೆ, ಕಚೇರಿಗಳಿಗೆ ರಜೆ, ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ, ದುಡಿಯಲು ಹೋದವರೆಲ್ಲ ಮನೆಗೆ ಬರುತ್ತಾರೆ. ಹಿರಿಯರು ಹಣೆಗೆ ಟೀಕಾ ಹಚ್ಚಿ ಆಶೀರ್ವದಿಸುವುದು ಆ ಹಬ್ಬದ ಹೃದಯ. ಟೀಕಾ ಬೇಡವೆನ್ನುವ ಕ್ರೈಸ್ತ ಮಗಳು, ಕ್ರೈಸ್ತ ಸೊಸೆ ಇಡೀ ವರ್ಷದಲ್ಲಿ ಹೆಚ್ಚು ಇಕ್ಕಟ್ಟು ಅನುಭವಿಸುವುದು ಆ ದಿನಗಳಲ್ಲಿಯೇ. ಆಗ ಆ ಮನೆಗೆ ಗಿಟಾರ್ ಹಿಡಿದ ಹನ್ನೊಂದು ಜನ ಹೊರಗಿನವರು ಬಂದಿಳಿದರೆ ಅತ್ತೆ ಮಾವಂದಿರು, ನೆರೆಹೊರೆಯವರು ಏನೆಂದುಕೊಳ್ಳಬೇಕು? ದೀದಿ ಇದನ್ನು ನಿಮಗೆ ಹೇಳಿರಲಾರರು. ಅಲ್ಲಿ ವಾರದ ರಜೆ ಶನಿವಾರ, ಸಭೆಗಳು ಆರಾಧನೆಗೆ ಕೂಡುವುದೂ ಶನಿವಾರವೇ. ಭಾನುವಾರ ಕೆಲಸದ ದಿನ. ಎಷ್ಟೋ ತಂಡಗಳು ಇಷ್ಟನ್ನೂ ವಿಚಾರಿಸದೆ ಭಾನುವಾರಕ್ಕೆ ದೊಡ್ಡ ಕಾರ್ಯಕ್ರಮ ಹಾಕಿಕೊಂಡು ಹೋಗುತ್ತವೆ.

ಬೇಸಿಗೆ ರಜೆಯೇ ಮೇಲು. ಮಳೆಗಾಲವಂತೂ ಬೇಡ, ಗುಡ್ಡ ಕುಸಿದು ರಸ್ತೆಗಳು ಮುಚ್ಚುತ್ತವೆ.

‘ಬರೀ ಪ್ರವಾಸವೇ’ ಎಂದು ಕೇಳಿದ್ದೀರಿ. ಈ ಪದ್ಧತಿ ಎಲ್ಲಿಂದ ಬಂತು ಎಂದು ತಿಳಿದರೆ ನಿಮಗೇ ಉತ್ತರ ಹೊಳೆಯಬಹುದು. ನಮ್ಮ ಭಾಗಕ್ಕೆ ಬಂದ ಮಿಷನರಿಗಳಿಗೆ ರಜೆಯ ಸೇವೆ ಗೊತ್ತಿರಲಿಲ್ಲ. ಲಂಡನ್ ಮಿಷನರಿ ಸೊಸೈಟಿಯವರು 1820ರಲ್ಲಿ ಬೆಳಗಾವಿಗೆ ಬಂದರು. ನಿಮ್ಮ ಕಾಲೇಜಿಗೆ ಹೋಗಿಬರುವ ದಾರಿಯಲ್ಲಿ ಬೆನನ್ ಸ್ಮಿತ್ ಶಾಲೆಯನ್ನು ನೋಡಿರುತ್ತೀರಿ, ಅದರ ಮೂಲ 1832ರದು. 1904ರಲ್ಲಿ ಆ ಕೆಲಸವನ್ನು ಮೆಥೊಡಿಸ್ಟರಿಗೆ ವಹಿಸಿಕೊಟ್ಟರು. ಬಾಸೆಲ್ ಮಿಷನ್ ಗುಳೇದಗುಡ್ಡದಲ್ಲಿ ನೆಲೆಯೂರಿದ್ದು 1851ರಲ್ಲಿ, ನೇಕಾರರ ನಡುವೆ. ಅವರಲ್ಲಿ ದೋಷಗಳಿರಲಿಲ್ಲ ಎಂದಲ್ಲ, ದೊರೆಗಳ ಠೀವಿ ಅವರಲ್ಲೂ ಇತ್ತು. ಆದರೆ ಬಂದವರು ಮೊದಲು ಕನ್ನಡ ಕಲಿಯಲು ಕುಳಿತರು. ಕಿಟೆಲ್ ಬಂದದ್ದು 1853ರಲ್ಲಿ, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಅನೇಕರು ಹೆಂಡತಿ ಮಕ್ಕಳನ್ನು ಇಲ್ಲಿನ ಮಣ್ಣಿಗೇ ಕೊಟ್ಟರು.

ಎಳೆಯರು ರಜೆಯಲ್ಲಿ ಹೋಗಿಬರುವ ಮಿಷನ್ ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದಲ್ಲಿ ಬೆಳೆದದ್ದು. 1957ರ ಬೇಸಿಗೆಯಲ್ಲಿ ಜಾರ್ಜ್ ವರ್ವರ್ ಎಂಬ ಕಾಲೇಜು ಹುಡುಗ ಇಬ್ಬರು ಗೆಳೆಯರೊಂದಿಗೆ ಪುಸ್ತಕಗಳನ್ನು ತುಂಬಿಕೊಂಡು ಮೆಕ್ಸಿಕೊಗೆ ಹೋದದ್ದೇ ಮುಂದೆ ಆಪರೇಷನ್ ಮೊಬಿಲೈಸೇಷನ್ ಸಂಸ್ಥೆಯಾಯಿತು. 1960ರಲ್ಲಿ ಲೋರೆನ್ ಕನಿಂಗ್‌ಹ್ಯಾಮ್ ‘ಯೂತ್ ವಿತ್ ಎ ಮಿಷನ್’ ಆರಂಭಿಸಿದರು. ಪ್ರಯಾಣ ಅಗ್ಗವಾಗುತ್ತ ಹೋದಂತೆ ಸೇವೆಯ ಅವಧಿಯನ್ನು ಕಾಲೇಜಿನ ರಜಾಪಟ್ಟಿ ನಿರ್ಧರಿಸತೊಡಗಿತು. ಈ ತಂಡಗಳಿಂದ ಜೀವಮಾನದ ಸೇವಕರಾದವರೂ ಇದ್ದಾರೆ, ಅದನ್ನು ಅಲ್ಲಗಳೆಯಲಾರೆ. ಆದರೆ ಆರಂಭದಿಂದಲೂ ಇದರ ಹೆಚ್ಚಿನ ಲಾಭ ಹೋದವರಿಗೇ ಸಂದಿದೆ. ಇದನ್ನು ಒಪ್ಪಿಕೊಂಡು ಹೋಗುವ ತಂಡ ಕಡಿಮೆ ಹಾನಿ ಮಾಡುತ್ತದೆ. ಒಪ್ಪಿಕೊಳ್ಳದ ತಂಡ ಗೋಡೆ ಹುಡುಕಿಕೊಂಡು ಹೋಗುತ್ತದೆ.

ನೇಪಾಳದ ಸಭೆ ನಮ್ಮಂಥವರು ಕಟ್ಟಿದ್ದಲ್ಲ ಎಂಬುದನ್ನೂ ನಿಮ್ಮ ಸಂಘದವರು ತಿಳಿಯಬೇಕು. 1951ರವರೆಗೆ ಆ ದೇಶದ ಬಾಗಿಲು ಹೊರಗಿನವರಿಗೆ ಮುಚ್ಚಿತ್ತು. 1954ರಲ್ಲಿ ಆರಂಭವಾದ ಯುನೈಟೆಡ್ ಮಿಷನ್ ಟು ನೇಪಾಳ್ ಸಂಸ್ಥೆಗೂ ಸಿಕ್ಕಿದ್ದು ಆಸ್ಪತ್ರೆ, ಶಾಲೆ ನಡೆಸಲು ಅನುಮತಿ. ಮತಪ್ರಚಾರ ಮಾಡಬಾರದೆಂಬ ಷರತ್ತು ಅದರೊಡನೆ ಇತ್ತು. ಸಭೆಯನ್ನು ಬೆಳೆಸಿದವರು ನೇಪಾಳಿಗಳೇ, ಅದಕ್ಕಾಗಿ ಜೈಲು ಕಂಡವರೂ ಅವರೇ. 2021ರ ಜನಗಣತಿಯಲ್ಲಿ ಅಲ್ಲಿನ ಕ್ರೈಸ್ತರು ಐದು ಲಕ್ಷ ದಾಟಿದ್ದಾರೆ, ಜನಸಂಖ್ಯೆಯ 1.76 ಪ್ರತಿಶತ. ನೀವು ‘ಜಯ ಮಸೀಹ’ ಎಂದು ಕೈ ಮುಗಿದ ಆ ಸಣ್ಣ ಸಭೆಯ ಹಿರಿಯರಲ್ಲಿ ನಿಮಗೆ ಕಲಿಸಬಲ್ಲವರು ಇದ್ದರು, ನೀವು ಅವರ ಗೋಡೆಗೆ ಬಣ್ಣ ಬಳಿಯುತ್ತಿದ್ದಿರಿ.

ಮರಳಿದ ಮೇಲೆ ಮನೆಯವರ ಮೇಲೆಲ್ಲ ಸಿಡುಕುತ್ತಿದ್ದೇನೆ ಎಂದು ಪತ್ರದ ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದೀರಿ. ನಲ್ಲಿ ತೆರೆದಿಟ್ಟ ತಮ್ಮನ ಮೇಲೆ ಕೂಗಾಡಿದಿರಂತೆ. ಇದು ಹೋಗಿಬಂದ ಹೆಚ್ಚಿನವರಿಗೆ ಆಗುವುದೇ, ಕೆಲವು ವಾರಗಳಲ್ಲಿ ಇಳಿಯುತ್ತದೆ. ತಂಡದವರು ತಿಂಗಳೊಳಗೆ ಒಮ್ಮೆ ಕೂಡಿ, ಅಯ್ಯನವರಿಲ್ಲದೆ, ಫೋಟೊಗಳಿಲ್ಲದೆ, ಹಿಡಿಸದೇ ಹೋದದ್ದನ್ನೂ ಬಾಯಿಬಿಟ್ಟು ಮಾತಾಡಿ. ತಮ್ಮನಿಗೆ ಉಪದೇಶ ಮಾಡುವ ಮುಂಚೆ ನಿಮ್ಮ ಅಜ್ಜಿಯನ್ನು ಕೇಳಿ, ಹುನಗುಂದ, ಇಳಕಲ್ಲಿನ ಕಡೆಯ ಬೇಸಿಗೆಯಲ್ಲಿ ಕೊಡ ಹೊತ್ತು ಎಷ್ಟು ದೂರ ನಡೆಯುತ್ತಿದ್ದರು ಎಂದು. ನೀರು ಹೊರುವ ಹೆಂಗಸನ್ನು ನೋಡಲು ನೇಪಾಳಕ್ಕೇ ಹೋಗಬೇಕಿರಲಿಲ್ಲ.

ಮತ್ತೊಮ್ಮೆ ಹೋಗುವ ಆಸೆ ತಪ್ಪಲ್ಲ. ಆದರೆ ಕರೆ ಅಲ್ಲಿಂದ ಬರಲಿ, ಅದೇ ಊರಿಗೆ ಹೋಗಿ, ಹನ್ನೊಂದು ಜನರ ಬದಲು ಇಬ್ಬರು ಮೂವರು ಹೋಗಿ. ಓದು ಮುಗಿಸಿ, ಇಲ್ಲಿ ನೋಂದಣಿ ಮಾಡಿಸಿಕೊಂಡು, ಒಂದೆರಡು ವರ್ಷ ವಾರ್ಡಿನಲ್ಲಿ ದುಡಿದ ಮೇಲೆ ಹೋದರೆ ನಿಮ್ಮ ಕೈಗಳಿಗೆ ಅಲ್ಲಿ ನಿಜವಾದ ಕೆಲಸ ಸಿಗಬಹುದು, ಅದಕ್ಕೆ ಅಲ್ಲಿನ ನರ್ಸಿಂಗ್ ಮಂಡಳಿಯ ಅನುಮತಿಯೂ ಬೇಕಾಗುತ್ತದೆ. ಅಷ್ಟರೊಳಗೆ ನೇಪಾಳಿ ಕಲಿಯಿರಿ. ಹಿಂದಿ ಓದಲು ಬರುವವರಿಗೆ ಲಿಪಿಯ ತೊಂದರೆಯಿಲ್ಲ, ಅದೂ ದೇವನಾಗರಿಯೇ. ಗುರುಗಳಿಗೂ ಕೊರತೆಯಿಲ್ಲ. ಬೆಳಗಾವಿಯಲ್ಲಿ ಅಪಾರ್ಟ್‌ಮೆಂಟುಗಳ ಕಾವಲು ಕಾಯುವವರಲ್ಲಿ, ಸಂಜೆಯ ಚೈನೀಸ್ ಗಾಡಿಗಳಲ್ಲಿ ಬಾಣಲೆ ಆಡಿಸುವವರಲ್ಲಿ ನೇಪಾಳದವರಿದ್ದಾರೆ. ಅವರಿಗೆ ಕರಪತ್ರ ಕೊಡಲು ಹೋಗಬೇಡಿ. ಊರು ಯಾವುದು ಎಂದು ಅವರ ಭಾಷೆಯಲ್ಲಿ ಕೇಳಿ, ತಪ್ಪು ತಪ್ಪಾಗಿಯೇ ಕೇಳಿ, ತಿದ್ದುತ್ತಾರೆ. ಊರಿನಲ್ಲಿ ಮಗು ಹುಟ್ಟಿದ್ದನ್ನೂ ಫೋನಿನಲ್ಲೇ ಕೇಳಿ ತಿಳಿಯುವ ಜನ ಅವರು, ಮಾತಿಗೆ ನಿಲ್ಲುತ್ತಾರೆ.

ದೀದಿಗೆ ಕರೆ ಮಾಡುವುದಿದ್ದರೆ ಶನಿವಾರ ಮಧ್ಯಾಹ್ನ, ಆರಾಧನೆ ಮುಗಿದ ಮೇಲೆ ಮಾಡಿ. ಅವರ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದಿದೆ.